ಎರಡು ಅಸೈನ್‌ಮೆಂಟ್, ಒಂದೇ ಲೆಕ್ಕ

ಬೇಸಿಗೆ ಮ್ಯಾಥ್ಸ್ ಕೋರ್ಸ್‌ಗೆ ಹೆಸರು ಕೊಡೋರಲ್ಲಿ ಎರಡು ಗುಂಪು. ಒಂದು, ಸೆಮಿಸ್ಟರ್‌ನಲ್ಲಿ ಬ್ಯಾಕ್ ಉಳಿಸಿಕೊಂಡವರು. ಇನ್ನೊಂದು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದು, ಮೊದಲ ವರ್ಷದ ಗಣಿತವನ್ನು ಹಿಂದಿನಿಂದ ಹಿಡಿದುಕೊಳ್ಳಬೇಕಾದವರು. ಇಬ್ಬರಿಗೂ ಕಷ್ಟ ಒಂದೇ. ಪೂರ್ತಿ ಸೆಮಿಸ್ಟರ್‌ನ ಪಾಠ ಎಂಟು ವಾರದೊಳಗೆ ಮುಗಿಯಬೇಕು. ವಾರಕ್ಕೆ ಎರಡು ಅಸೈನ್‌ಮೆಂಟ್. ಸೋಮವಾರ ಮ್ಯಾಟ್ರಿಕ್ಸ್, ಗುರುವಾರ ಡಿಫರೆನ್ಷಿಯಲ್ ಈಕ್ವೇಶನ್. ಈ ಎಂಟು ವಾರ ಕೈಕೊಟ್ಟರೆ ಕೆಲವರಿಗೆ ಒಂದು ವರ್ಷವೇ ಹೋಗುತ್ತೆ, ಹಾಸ್ಟೆಲ್ ಫೀಸು, ಬಸ್ ಪಾಸು, ಮನೆಯವರ ಮಾತು ಎಲ್ಲ ಸೇರಿ.

ಇಷ್ಟು ಕಡಿಮೆ ಸಮಯದಲ್ಲಿ ಹೆಚ್ಚಿನವರು ಮಾಡೋದು, ಎರಡನ್ನೂ ಬೇರೆ ಬೇರೆ ವಿಷಯ ಅಂತ ಬಾಯಿಪಾಠ ಮಾಡೋದು. ಮ್ಯಾಟ್ರಿಕ್ಸ್‌ಗೆ ಒಂದಿಷ್ಟು ಸ್ಟೆಪ್ಸ್, ಡಿಫರೆನ್ಷಿಯಲ್ ಈಕ್ವೇಶನ್‌ಗೆ ಇನ್ನೊಂದಿಷ್ಟು ಫಾರ್ಮುಲಾ. ವಿಟಿಯು 2022ರ ಸ್ಕೀಮ್‌ನಲ್ಲೂ ಇವೆರಡು ಬೇರೆ ಬೇರೆ ಮಾಡ್ಯೂಲ್. ಆದರೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ‘ಮ್ಯಾಥ್ 54’ ಅಂತ ಎರಡನ್ನೂ ಸೇರಿಸಿ ಒಂದೇ ಕೋರ್ಸ್ ಇದೆ. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ 2014ರಲ್ಲಿ ಎರಡನ್ನೂ ಒಟ್ಟಿಗೇ ಕಲಿಸುವ ಪುಸ್ತಕ ಬರೆದರು. ಅವರೇನೂ ಪುಟ ಉಳಿಸೋಕೆ ಹಾಗೆ ಮಾಡಿದ್ದಲ್ಲ. ಅರ್ಧಕ್ಕರ್ಧ ಲೆಕ್ಕಗಳು ನಿಜವಾಗಿ ಒಂದೇ. ಅದು ಹೇಗೆ ಅಂತ ಶಿವಮೊಗ್ಗ, ಭದ್ರಾವತಿ ಸುತ್ತಮುತ್ತಲ ಲೆಕ್ಕಗಳಲ್ಲೇ ನೋಡೋಣ. ಪೆನ್ನು ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ, ಎಲ್ಲ ಸಂಖ್ಯೆಗಳೂ ಕೈಯಲ್ಲೇ ಆಗುವಂಥವು.

ಬೇಲದ ಹಣ್ಣಿನ ಲೆಕ್ಕ

ಮೊದಲು ಒಂದು ಹಳೇ ಲೆಕ್ಕ. ಮಹಾವೀರಾಚಾರ್ಯ 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಒಂದು ಸಮಸ್ಯೆ ಇದೆ. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು?

ನಾವಾದರೆ ತಕ್ಷಣ ಗಾಸ್ ಎಲಿಮಿನೇಷನ್ ಶುರು ಮಾಡ್ತೀವಿ. ಆದರೆ ಸ್ವಲ್ಪ ನಿಂತು ನೋಡಿ. ಎರಡೂ ಸಾಲು ಕೂಡಿದರೆ, 16 ಸಲ (ಮಾದಲ + ಬೇಲ) = 208. ಅಂದರೆ ಎರಡರ ಮೊತ್ತ 13. ಕಳೆದರೆ, 2 ಸಲ (ಮಾದಲ − ಬೇಲ) = 6. ಅಂದರೆ ವ್ಯತ್ಯಾಸ 3. ಮಾದಲ 8, ಬೇಲ 5. ಮುಗೀತು.

ಈ 16 ಮತ್ತು 2 ಎಲ್ಲಿಂದ ಬಂದವು? ಮ್ಯಾಟ್ರಿಕ್ಸ್‌ನ ಮೊದಲ ಸಾಲು 9, 7. ಎರಡನೇ ಸಾಲು 7, 9. ಅದರ ಐಗನ್ ವ್ಯಾಲ್ಯೂ ತೆಗೆದು ನೋಡಿ, 16 ಮತ್ತು 2 ಬರುತ್ತೆ. ಐಗನ್ ವೆಕ್ಟರ್‌ಗಳು (1, 1) ಮತ್ತು (1, −1), ಅಂದರೆ ‘ಕೂಡು’ ಮತ್ತು ‘ಕಳೆ’. ಬೆಲೆಗಳನ್ನು ಒಂದೊಂದಾಗಿ ಕೇಳಿದರೆ ಎರಡೂ ಸಮೀಕರಣ ಒಂದಕ್ಕೊಂದು ಹೆಣೆದುಕೊಂಡಿವೆ. ಮೊತ್ತ ಎಷ್ಟು, ವ್ಯತ್ಯಾಸ ಎಷ್ಟು ಅಂತ ಕೇಳಿದರೆ ಗಂಟು ಬಿಚ್ಚಿ ಎರಡು ಬೇರೆ ಬೇರೆ ಸುಲಭ ಲೆಕ್ಕ ಆಗುತ್ತೆ. ಐಗನ್ ವೆಕ್ಟರ್ ಅಂದರೆ ಇಷ್ಟೇ: ಯಾವ ದಿಕ್ಕಿನಿಂದ ನೋಡಿದರೆ ಗಂಟು ತಾನಾಗಿ ಬಿಡುತ್ತೋ ಆ ದಿಕ್ಕು. ಈ ಒಂದು ವಾಕ್ಯ ನೆನಪಿರಲಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಕೂಡ್ಲಿಯಲ್ಲಿ ಯಾರ ನೀರು ಎಷ್ಟು?

ಶಿವಮೊಗ್ಗ ದಾಟಿ ಬಂದ ತುಂಗೆ, ಭದ್ರಾವತಿ ದಾಟಿ ಬಂದ ಭದ್ರೆ ಕೂಡ್ಲಿಯಲ್ಲಿ ಸೇರ್ತವೆ. ಸೇರಿದ ಮೇಲೆ ಹರಿಯುವ ನೀರಿನಲ್ಲಿ ತುಂಗೆಯ ಪಾಲು ಎಷ್ಟು, ಭದ್ರೆಯ ಪಾಲು ಎಷ್ಟು ಅಂತ ಹೇಳಬೇಕು ಅಂದುಕೊಳ್ಳಿ. ಕೈಯಲ್ಲಿರೋದು ನೀರಿನ ಗಡಸುತನ ಅಳೆಯುವ ಕಿಟ್ ಮಾತ್ರ.

ಲೆಕ್ಕಕ್ಕಾಗಿ ಸಂಖ್ಯೆಗಳನ್ನು ಸುಮ್ಮನೆ ಇಟ್ಟುಕೊಳ್ಳೋಣ. ತುಂಗೆಯಲ್ಲಿ ಲೀಟರ್‌ಗೆ 20 ಮಿಲಿಗ್ರಾಂ, ಭದ್ರೆಯಲ್ಲಿ 50, ಕೂಡಿದ ಮೇಲೆ 32. ಒಟ್ಟು ನೀರು 100 ಭಾಗ ಅಂದರೆ:

ತು + ಭ = 100
20ತು + 50ಭ = 3200

ಮೊದಲ ಸಾಲನ್ನು 20ರಿಂದ ಗುಣಿಸಿ ಕಳೆದರೆ 30ಭ = 1200. ಭದ್ರೆ 40, ತುಂಗೆ 60.

ಈಗ ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನೋ ಮಾತನ್ನು ಪಕ್ಕಕ್ಕಿಟ್ಟು, ಎರಡೂ ನದಿಯ ನೀರು ಒಂದೇ ಥರ ಇದೆ, ಎರಡರಲ್ಲೂ 30 ಅಂದುಕೊಳ್ಳಿ. ಆಗ ಎರಡನೇ ಸಾಲು ಮೊದಲನೇ ಸಾಲಿನ 30 ಪಟ್ಟು ಅಷ್ಟೇ. ಡಿಟರ್ಮಿನೆಂಟ್ ಸೊನ್ನೆ. ಲೆಕ್ಕ ಆಗಲ್ಲ. ಯಾಕೆ ಆಗಲ್ಲ ಅನ್ನೋಕೆ ಥಿಯರಂ ಬೇಡ. ಎರಡೂ ನೀರು ಒಂದೇ ಥರ ಇದ್ದರೆ, ಬೆರೆತ ಮೇಲೆ ಯಾವುದು ಎಷ್ಟು ಅಂತ ನೀರು ಪರೀಕ್ಷೆ ಮಾಡಿ ಹೇಳೋಕೆ ಯಾರಿಂದ ಸಾಧ್ಯ? ‘ಸಿಂಗ್ಯುಲರ್ ಮ್ಯಾಟ್ರಿಕ್ಸ್’ ಅಂದರೆ ಎರಡನೇ ಅಳತೆ ಹೊಸದೇನನ್ನೂ ಹೇಳಲಿಲ್ಲ ಅಂತ ಅರ್ಥ. ರ‍್ಯಾಂಕ್ ಅಂದರೆ ನಿಜವಾಗಿ ಹೊಸ ವಿಷಯ ಹೇಳುವ ಸಾಲುಗಳು ಎಷ್ಟು ಅಂತ.

ಇನ್ನೂ ಮಜಾ ಇರೋದು ನಡುವೆ. ತುಂಗೆ 30, ಭದ್ರೆ 31, ಕೂಡಿದ್ದು 30.4 ಅಂತಿಟ್ಟುಕೊಳ್ಳಿ. ಉತ್ತರ ಮತ್ತೆ ಭದ್ರೆ 40. ಆದರೆ ಕಿಟ್ 0.1ರಷ್ಟು ತಪ್ಪಿ 30.5 ತೋರಿಸಿದರೆ ಉತ್ತರ 50ಕ್ಕೆ ಹಾರುತ್ತೆ! ಮೊದಲ ಲೆಕ್ಕದಲ್ಲಿ ಅಷ್ಟೇ ತಪ್ಪಾಗಿ 32.1 ಬಂದಿದ್ದರೆ ಉತ್ತರ 40.3 ಆಗ್ತಿತ್ತು, ಅಷ್ಟೇ. ಗಣಿತ ಎರಡರಲ್ಲೂ ಸರಿ, ಉತ್ತರ ಎರಡರಲ್ಲೂ ಸಿಗುತ್ತೆ. ಆದರೆ ಒಂದನ್ನು ನಂಬಬಹುದು, ಇನ್ನೊಂದನ್ನು ನಂಬೋ ಹಾಗಿಲ್ಲ. ಮುಂದೆ ಲ್ಯಾಬಲ್ಲೋ ಕೆಲಸದಲ್ಲೋ ಸೆನ್ಸರ್ ಡೇಟಾ ಕೈಗೆ ಬಂದಾಗ, ಡಿಟರ್ಮಿನೆಂಟ್ ಸೊನ್ನೆ ಅಲ್ಲ ಅಂದ ಮಾತ್ರಕ್ಕೆ ನೆಮ್ಮದಿಯಿಂದ ಇರೋ ಹಾಗಿಲ್ಲ ಅನ್ನೋದು ಈ ಚಿಕ್ಕ ಲೆಕ್ಕದ ಪಾಠ.

ನೂರು ಸ್ಕೂಟರ್, ಎರಡು ಬಸ್ ಸ್ಟ್ಯಾಂಡ್

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಯಾರೋ ಒಬ್ಬರು ಬಾಡಿಗೆ ಸ್ಕೂಟರ್ ಶುರು ಮಾಡಿದ್ದಾರೆ ಅಂತ ಊಹಿಸಿಕೊಳ್ಳಿ. ಒಟ್ಟು 100 ಗಾಡಿ. ಶಿವಮೊಗ್ಗ ಬಸ್ ಸ್ಟ್ಯಾಂಡ್‌ನಲ್ಲಿ ಒಂದು ಡಿಪೋ, ಭದ್ರಾವತಿಯಲ್ಲಿ ಒಂದು. ಒಂದು ಕಡೆ ತಗೊಂಡು ಇನ್ನೊಂದು ಕಡೆ ಬಿಡಬಹುದು. ಪ್ರತಿದಿನ ಶಿವಮೊಗ್ಗದಲ್ಲಿರುವ ಗಾಡಿಗಳಲ್ಲಿ ಶೇ. 20 ಭದ್ರಾವತಿಗೆ ಹೋಗ್ತವೆ, ಭದ್ರಾವತಿಯವುಗಳಲ್ಲಿ ಶೇ. 30 ಶಿವಮೊಗ್ಗಕ್ಕೆ ಬರ್ತವೆ. ಮೊದಲ ದಿನ ನೂರೂ ಗಾಡಿ ಭದ್ರಾವತಿಯಲ್ಲಿವೆ. ಮುಂದೇನಾಗುತ್ತೆ?

ಶಿವಮೊಗ್ಗದ ಸಂಖ್ಯೆ ಶ, ಭದ್ರಾವತಿಯದು ಭ ಆಗಲಿ.

ನಾಳೆಯ ಶ = 0.8ಶ + 0.3ಭ
ನಾಳೆಯ ಭ = 0.2ಶ + 0.7ಭ

ದಿನಾ ಗುಣಿಸ್ತಾ ಹೋಗಿ. ಶಿವಮೊಗ್ಗದಲ್ಲಿ 0, 30, 45, 52.5... ಹೀಗೆ 60ರ ಕಡೆಗೆ ಹೋಗ್ತಾ ಇದೆ. ಅರ್ಧ ಸ್ಕೂಟರ್ ಎಲ್ಲಿಂದ ಬಂತು ಅಂತ ಕೇಳಬೇಡಿ, ಸರಾಸರಿ ಲೆಕ್ಕ. ಗಮನಿಸಬೇಕಾದ್ದು ಬೇರೆ: 60ಕ್ಕೆ ಇರುವ ಅಂತರ 60, 30, 15, 7.5. ದಿನಕ್ಕೆ ಅರ್ಧ ಆಗ್ತಾ ಇದೆ.

ಈಗ ಐಗನ್ ವ್ಯಾಲ್ಯೂ ತೆಗೆಯಿರಿ. 1 ಮತ್ತು 0.5. ವೆಕ್ಟರ್‌ಗಳು (3, 2) ಮತ್ತು (1, −1). ಎಲ್ಲವೂ ಕಣ್ಣೆದುರೇ ಇತ್ತು ನೋಡಿ. ಐಗನ್ ವ್ಯಾಲ್ಯೂ 1 ಇರುವ ದಿಕ್ಕು ಬದಲಾಗದೆ ಉಳಿಯೋದು: 3ಕ್ಕೆ 2, ಅಂದರೆ 60–40. ಐಗನ್ ವ್ಯಾಲ್ಯೂ 0.5 ಇರುವ ದಿಕ್ಕು ದಿನಕ್ಕೆ ಅರ್ಧ ಕರಗೋದು. ಆರಂಭದ (0, 100) ಅನ್ನೋದನ್ನು (60, 40) ಕಳೆ 60 ಸಲ (1, −1) ಅಂತ ಬರೆದುಕೊಂಡರೆ ಸಾಕು, ಮ್ಯಾಟ್ರಿಕ್ಸನ್ನು ಮೂವತ್ತು ಸಲ ಗುಣಿಸೋದು ಬೇಡ. ಮೂವತ್ತನೇ ದಿನದ ಉತ್ತರ 60 − 60 × (0.5)³⁰, ಹೆಚ್ಚುಕಡಿಮೆ ಪೂರ್ತಿ 60.

ಇದು ಸೋಮವಾರದ ಅಸೈನ್‌ಮೆಂಟ್.

ಅದೇ ಸ್ಕೂಟರ್, ಗುರುವಾರ

ಗುರುವಾರ ಬರುವ ಪ್ರಶ್ನೆ ನೋಡೋಕೆ ಬೇರೆ ಥರ ಇರುತ್ತೆ. ಗಾಡಿಗಳು ರಾತ್ರಿ ಒಟ್ಟಿಗೇ ಜಾಗ ಬದಲಿಸಲ್ಲ, ಇಡೀ ದಿನ ಓಡಾಡ್ತಾ ಇರ್ತವೆ. ಕಾಲವನ್ನು ಟ ಅಂತ ಕರೆದರೆ, ಬದಲಾಗುವ ವೇಗ:

ಶ′ = −0.2ಶ + 0.3ಭ
ಭ′ = 0.2ಶ − 0.3ಭ

ಇದು ‘ಸಿಸ್ಟಮ್ ಆಫ್ ಡಿಫರೆನ್ಷಿಯಲ್ ಈಕ್ವೇಶನ್ಸ್’. ಮ್ಯಾಟ್ರಿಕ್ಸ್ ನೋಡಿ, ಸೋಮವಾರದ ಮ್ಯಾಟ್ರಿಕ್ಸ್‌ನಿಂದ ಐಡೆಂಟಿಟಿ ಕಳೆದಿದ್ದೇವೆ, ಅಷ್ಟೇ. ಐಗನ್ ವ್ಯಾಲ್ಯೂಗಳೂ 1 ಕಡಿಮೆಯಾಗಿ 0 ಮತ್ತು −0.5 ಆಗ್ತವೆ. ಐಗನ್ ವೆಕ್ಟರ್‌ಗಳು ಅವೇ, (3, 2) ಮತ್ತು (1, −1). ಹೊಸದಾಗಿ ತೆಗೆಯಬೇಕಾಗಿಲ್ಲ. 0.5ರ ಘಾತ ಇದ್ದ ಕಡೆ ಎಕ್ಸ್‌ಪೊನೆನ್ಷಿಯಲ್ ಬರುತ್ತೆ:

ಶ = 60 − 60 × ಎಕ್ಸ್‌ಪ್(−0.5ಟ)

ಬದಲಾಗದ ದಿಕ್ಕಿಗೆ ಅಲ್ಲಿ 1, ಇಲ್ಲಿ 0. ಕರಗುವ ದಿಕ್ಕಿಗೆ ಅಲ್ಲಿ 1ಕ್ಕಿಂತ ಚಿಕ್ಕ ಸಂಖ್ಯೆ, ಇಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆ. ಒಂದೇ ಮಾತು, ಎರಡು ಉಚ್ಚಾರ.

ಆದರೆ ಒಂದು ದಿನದ ಕೊನೆಗೆ ಉತ್ತರ ಒಂದೇ ಇಲ್ಲ. ಸೋಮವಾರದ ಲೆಕ್ಕದಲ್ಲಿ 30, ಗುರುವಾರದ್ದರಲ್ಲಿ 23.6. ಯಾವುದು ಸರಿ? ಎರಡೂ ಸರಿ, ಪ್ರಶ್ನೆಗಳು ಬೇರೆ. ಮೊದಲನೆಯದರಲ್ಲಿ ದಿನದ ಲೆಕ್ಕವೆಲ್ಲ ಬೆಳಗಿನ ಸಂಖ್ಯೆಯ ಮೇಲೆ. ಎರಡನೆಯದರಲ್ಲಿ ಬೆಳಿಗ್ಗೆ ಭದ್ರಾವತಿ ಬಿಟ್ಟ ಗಾಡಿ ಸಂಜೆ ಹೊತ್ತಿಗೆ ವಾಪಸ್ ಹೋಗಿರಲೂಬಹುದು, ಜೊತೆಗೆ ಭದ್ರಾವತಿಯಲ್ಲಿ ಗಾಡಿ ಕಡಿಮೆಯಾದಂತೆ ಬರೋದೂ ಕಡಿಮೆಯಾಗುತ್ತೆ.

ಈ ಎರಡರ ನಡುವೆ ಒಂದು ಏಣಿ ಇದೆ. ದಿನಕ್ಕೊಮ್ಮೆ ಅಲ್ಲ, ಅರ್ಧ ದಿನಕ್ಕೊಮ್ಮೆ ಲೆಕ್ಕ ಹಾಕಿ. ಪ್ರತಿ ಸಲ ಅಂತರ 0.75 ಪಟ್ಟು ಆಗುತ್ತೆ, ಎರಡು ಸಲಕ್ಕೆ 0.5625. ಶಿವಮೊಗ್ಗದಲ್ಲಿ 26.25. ಕಾಲು ದಿನಕ್ಕೊಮ್ಮೆ ಹಾಕಿದರೆ 24.8. ತುಂಡು ಚಿಕ್ಕದಾದಷ್ಟೂ 23.6ರ ಹತ್ತಿರ. ಇದನ್ನೇ ನ್ಯೂಮರಿಕಲ್ ಮೆಥಡ್ಸ್‌ನಲ್ಲಿ ‘ಆಯ್ಲರ್ ವಿಧಾನ’ ಅಂತ ಇನ್ನೊಂದು ಪಾಠವಾಗಿ ಕಲಿಸ್ತಾರೆ. ಹಾಗೆ ನೋಡಿದರೆ ಮೂರು ಅಸೈನ್‌ಮೆಂಟ್, ಒಂದೇ ಲೆಕ್ಕ.

ಆ ಎಕ್ಸ್ ಎಲ್ಲಿಂದ ಬಂತು?

ಎರಡನೇ ಆರ್ಡರ್ ಡಿಫರೆನ್ಷಿಯಲ್ ಈಕ್ವೇಶನ್‌ಗೆ ‘ಆಕ್ಸಿಲಿಯರಿ ಈಕ್ವೇಶನ್’ ಬರೆಯೋದು ನಮಗೆಲ್ಲ ಕೈಯಭ್ಯಾಸ. ಯ″ + 3ಯ′ + 2ಯ = 0 ಕಂಡ ತಕ್ಷಣ ಮ² + 3ಮ + 2 = 0, ಬೇರುಗಳು −1, −2. ಯಾಕೆ ಅಂತ ಕೇಳಿದರೆ ‘ಹಾಗೇ ಬರೆಯೋದು’.

ಯ′ಗೆ ವ ಅಂತ ಹೆಸರಿಡಿ. ಆಗ ಯ′ = ವ, ವ′ = −2ಯ − 3ವ. ಎರಡು ಸಾಲು, ಅಂದರೆ ಮತ್ತೆ ಸ್ಕೂಟರ್ ಥರದ್ದೇ ಸಿಸ್ಟಮ್. ಮ್ಯಾಟ್ರಿಕ್ಸ್‌ನ ಸಾಲುಗಳು (0, 1) ಮತ್ತು (−2, −3). ಅದರ ಕ್ಯಾರೆಕ್ಟರಿಸ್ಟಿಕ್ ಈಕ್ವೇಶನ್ ಬರೆದು ನೋಡಿ: ಲ್ಯಾಂಬ್ಡಾ ವರ್ಗ + 3 ಲ್ಯಾಂಬ್ಡಾ + 2 = 0. ಆಕ್ಸಿಲಿಯರಿ ಈಕ್ವೇಶನ್ ಅಂತ ಬೇರೆ ಏನೂ ಇಲ್ಲ, ಅದು ಐಗನ್ ವ್ಯಾಲ್ಯೂ ಲೆಕ್ಕವೇ.

ಇನ್ನು ಎಲ್ಲರನ್ನೂ ಕಾಡುವ ಪ್ರಶ್ನೆ. ಬೇರು ಎರಡೂ ಒಂದೇ ಆದಾಗ ಉತ್ತರದಲ್ಲಿ ಒಂದು ಎಕ್ಸ್ ಅಂಟಿಸ್ತೀವಲ್ಲ, ಅದು ಎಲ್ಲಿಂದ ಬಂತು? ಯ″ + 2ಯ′ + ಯ = 0 ತಗೊಳ್ಳಿ. ಮ್ಯಾಟ್ರಿಕ್ಸ್ (0, 1), (−1, −2). ಐಗನ್ ವ್ಯಾಲ್ಯೂ −1, ಎರಡು ಸಲ. ಆದರೆ ಐಗನ್ ವೆಕ್ಟರ್ ಹುಡುಕಿದರೆ (1, −1) ಒಂದೇ ಸಿಗುತ್ತೆ. ಗಂಟು ಬಿಚ್ಚೋಕೆ ಎರಡು ದಿಕ್ಕು ಬೇಕಿತ್ತು, ಒಂದೇ ಇದೆ. ಆ ಕೊರತೆಯನ್ನು ತುಂಬೋಕೆ ಬಂದಿದ್ದು ಆ ಎಕ್ಸ್.

ಅದು ಎಕ್ಸೇ ಯಾಕೆ? ಬೇರುಗಳು ಪೂರ್ತಿ ಒಂದೇ ಅಲ್ಲ, −1 ಮತ್ತು −1.01 ಅಂದುಕೊಳ್ಳಿ. ಆಗ ಎಕ್ಸ್‌ಪ್(−ಟ), ಎಕ್ಸ್‌ಪ್(−1.01ಟ) ಎರಡೂ ಉತ್ತರ. ಅವೆರಡರ ವ್ಯತ್ಯಾಸವನ್ನು 0.01ರಿಂದ ಭಾಗಿಸಿದರೆ ಅದೂ ಉತ್ತರವೇ. ಆ 0.01ನ್ನು ಸೊನ್ನೆಗೆ ಹತ್ತಿರ ತಂದರೆ ಉಳಿಯೋದು ಟ × ಎಕ್ಸ್‌ಪ್(−ಟ). ಎರಡು ಬೇರು ಒಂದರ ಮೇಲೊಂದು ಕೂತಾಗ ಅವುಗಳ ಮಧ್ಯದ ವ್ಯತ್ಯಾಸವೇ ಎರಡನೇ ಉತ್ತರವಾಗಿ ನಿಲ್ಲುತ್ತೆ. ಇದನ್ನು ಒಂದು ಸಲ ಕೈಯಲ್ಲಿ ಮಾಡಿ ನೋಡಿದರೆ ಪರೀಕ್ಷೆಯಲ್ಲಿ ಆ ಎಕ್ಸ್ ಮರೆಯೋದೇ ಇಲ್ಲ.

ಚಹಾಕ್ಕೆ ಒಂದು ನಿಯಮ, ಕಬ್ಬಿಣಕ್ಕೆ ಇನ್ನೊಂದು

ಇಷ್ಟೆಲ್ಲ ಕೆಲಸ ಮಾಡೋದು ‘ಲೀನಿಯರ್’ ಆಗಿದ್ದರೆ ಮಾತ್ರ. ಅದರ ಮಿತಿ ಎಲ್ಲಿ ಅಂತಲೂ ಗೊತ್ತಿರಬೇಕು.

ಕ್ಯಾಂಟೀನ್ ಚಹಾ 80 ಡಿಗ್ರಿ, ಕೋಣೆ 30 ಡಿಗ್ರಿ. ಐದು ನಿಮಿಷಕ್ಕೆ 55ಕ್ಕೆ ಇಳಿದರೆ, ಇನ್ನೈದು ನಿಮಿಷಕ್ಕೆ ಎಷ್ಟು? ನ್ಯೂಟನ್ನನ ನಿಯಮದ ಪ್ರಕಾರ ಕೋಣೆಗೂ ಚಹಾಕ್ಕೂ ಇರುವ ಅಂತರ 50ರಿಂದ 25ಕ್ಕೆ ಬಂತು, ಅರ್ಧ. ಮುಂದಿನ ಐದು ನಿಮಿಷಕ್ಕೆ ಮತ್ತೆ ಅರ್ಧ, 12.5. ಚಹಾ 42.5 ಡಿಗ್ರಿ. ಸ್ಕೂಟರ್‌ನ 60, 30, 15 ನೆನಪಾಯ್ತಾ? ಒಂದೇ ಸಾಲಿನ ಮ್ಯಾಟ್ರಿಕ್ಸ್, ಒಂದೇ ಐಗನ್ ವ್ಯಾಲ್ಯೂ.

ಅದೇ ಫಾರ್ಮುಲಾ ಹಿಡ್ಕೊಂಡು ಭದ್ರಾವತಿಗೆ ಹೋಗಿ. ಹಿಂದೆ ಬೆಂಕಿಪುರ ಅಂತ ಹೆಸರಿದ್ದ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮದಿಂದ ಬಂದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲು ಉರಿಸಿ ಕಬ್ಬಿಣ ತೆಗೆಯೋಕೆ ಶುರು ಮಾಡಿದ್ದು ಇಲ್ಲೇ. ಕೆಂಪಗೆ ಕಾದ ಕಬ್ಬಿಣಕ್ಕೆ ನ್ಯೂಟನ್ನನ ನಿಯಮ ಹಾಕಿದರೆ ಉತ್ತರ ತಪ್ಪುತ್ತೆ. ಅಷ್ಟು ಬಿಸಿಯಲ್ಲಿ ಶಾಖ ಹೆಚ್ಚಾಗಿ ವಿಕಿರಣದಿಂದ ಹೋಗುತ್ತೆ, ಅದು ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣ. ಉಷ್ಣತೆ ಎರಡು ಪಟ್ಟಾದರೆ ವಿಕಿರಣ 16 ಪಟ್ಟು. ಇದು ಲೀನಿಯರ್ ಅಲ್ಲ, ಎರಡು ಉತ್ತರ ಕೂಡಿದರೆ ಮೂರನೇ ಉತ್ತರ ಸಿಗಲ್ಲ, ಐಗನ್ ವ್ಯಾಲ್ಯೂ ಆಟ ನೇರವಾಗಿ ನಡೆಯಲ್ಲ. ಆದರೆ ಕೋಣೆಯ ಉಷ್ಣತೆಯ ಹತ್ತಿರಕ್ಕೆ ಇಳಿದ ಮೇಲೆ ಆ ನಾಲ್ಕನೇ ಘಾತದ ವಕ್ರರೇಖೆ ಸ್ಪರ್ಶರೇಖೆಯ ಹಾಗೇ ಕಾಣುತ್ತೆ, ನ್ಯೂಟನ್ನನ ನಿಯಮ ವಾಪಸ್ ಬರುತ್ತೆ. ಎಂಜಿನಿಯರ್‌ಗಳು ಲೀನಿಯರ್ ಆಲ್ಜೀಬ್ರಾ ಇಷ್ಟು ಬಳಸೋದಕ್ಕೆ ಕಾರಣ ಜಗತ್ತು ಲೀನಿಯರ್ ಅಂತ ಅಲ್ಲ. ಸಮತೋಲನದ ಹತ್ತಿರ ಬಹಳಷ್ಟು ಸಂಗತಿ ಲೀನಿಯರ್ ಥರ ನಡೆದುಕೊಳ್ಳುತ್ತೆ ಅಂತ.

ಇನ್ನೊಂದು ವಿಷಯ, ಯೂನಿಟ್. ಮಳೆಗಾಲದಲ್ಲಿ ಪೇಪರ್ ತೆಗೆದರೆ ಭದ್ರಾ ಜಲಾಶಯದ ಒಳಹರಿವು ಇಷ್ಟು ಕ್ಯೂಸೆಕ್ ಅಂತ ಇರುತ್ತೆ, ಸಂಗ್ರಹ ಮಾತ್ರ ಟಿಎಂಸಿಯಲ್ಲಿ. ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71.5 ಟಿಎಂಸಿ. ಒಂದು ಕ್ಯೂಸೆಕ್ ಒಂದು ದಿನ ಹರಿದರೆ 86,400 ಘನ ಅಡಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಭಾಗಿಸಿದರೆ 11,574. ಹಾಗಾಗಿ ಒಳಹರಿವಿನಿಂದ ಹೊರಹರಿವು ಕಳೆದು 11,574ರಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಟಿಎಂಸಿ ಏರುತ್ತೆ ಅಂತ ಸಿಗುತ್ತೆ. ಒಳಕ್ಕೆ 25,000, ಹೊರಕ್ಕೆ 1,850 ಇದ್ದರೆ ದಿನಕ್ಕೆ 2 ಟಿಎಂಸಿ. ಇದೂ ಡಿಫರೆನ್ಷಿಯಲ್ ಈಕ್ವೇಶನ್ನೇ, ಡ್ಯಾಂ ಕೆಳಗಿನ ಅಚ್ಚುಕಟ್ಟಿನ ರೈತರು ದಿನಾ ಬೆಳಿಗ್ಗೆ ಪೇಪರ್‌ನಲ್ಲಿ ನೋಡುವಂಥದ್ದು.

ಕಾಪಿ ಹೊಡೆಯೋರಿಗೆ ಒಂದು ಮಾತು

ಒಬ್ಬರು ಬಿಡಿಸಿದ ಅಸೈನ್‌ಮೆಂಟ್ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿಗೆ ಬರುತ್ತೆ, ಬೆಳಿಗ್ಗೆ ಹೊತ್ತಿಗೆ ನಲವತ್ತು ಪುಸ್ತಕಕ್ಕೆ ಇಳಿದಿರುತ್ತೆ. ಈಗಂತೂ ಫೋಟೋ ತೆಗೆದು ಹಾಕಿದರೆ ಫೋನೇ ಬಿಡಿಸಿ ಕೊಡುತ್ತೆ. ನೀತಿಪಾಠ ಬೇಡ. ಸಮಸ್ಯೆ ಏನಂದರೆ ಮೂಲದಲ್ಲಿ ಒಂದು ಮೈನಸ್ ತಪ್ಪಿದರೆ ನಲವತ್ತು ಜನಕ್ಕೂ ಗೊತ್ತಾಗಲ್ಲ. ಪರೀಕ್ಷಾ ಹಾಲ್‌ನಲ್ಲಿ ಪಕ್ಕದಲ್ಲಿ ಗ್ರೂಪ್ ಇರಲ್ಲ.

ಈ ಕೋರ್ಸ್‌ನ ಒಂದು ದೊಡ್ಡ ಅನುಕೂಲ ಅಂದರೆ ಉತ್ತರ ಸರಿಯೋ ತಪ್ಪೋ ನಾವೇ ಹೇಳಬಹುದು. ಐಗನ್ ವ್ಯಾಲ್ಯೂಗಳನ್ನು ಕೂಡಿ, ಕರ್ಣದ ಮೇಲಿನ ಸಂಖ್ಯೆಗಳ ಮೊತ್ತ ಬರಬೇಕು. ಗುಣಿಸಿ, ಡಿಟರ್ಮಿನೆಂಟ್ ಬರಬೇಕು. ಸ್ಕೂಟರ್ ಮ್ಯಾಟ್ರಿಕ್ಸ್‌ನಲ್ಲಿ 0.8 + 0.7 = 1.5 = 1 + 0.5. ಡಿಟರ್ಮಿನೆಂಟ್ 0.56 − 0.06 = 0.5 = 1 × 0.5. ಹತ್ತು ಸೆಕೆಂಡ್ ಸಾಕು. ಡಿಫರೆನ್ಷಿಯಲ್ ಈಕ್ವೇಶನ್‌ನ ಉತ್ತರವನ್ನು ವಾಪಸ್ ಸಮೀಕರಣಕ್ಕೆ ಹಾಕಿ, ಎರಡೂ ಬದಿ ಸಮ ಬರಬೇಕು. ಆರಂಭದ ಬೆಲೆ ಹೊಂದಬೇಕು. ಕಾಲ ತುಂಬಾ ಮುಂದೆ ಹೋದಾಗ ಏನಾಗುತ್ತೆ ಅಂತ ನೋಡಿ: ಸ್ಕೂಟರ್ 100 ದಾಟಿದರೆ, ಚಹಾ ಕೋಣೆಗಿಂತ ತಣ್ಣಗಾದರೆ, ಎಲ್ಲೋ ಚಿಹ್ನೆ ತಪ್ಪಿದೆ. ಬಿಡಿಸಿದ್ದು ನೀವೋ, ಗೆಳೆಯನೋ, ಫೋನೋ, ಯಾರಾದರೂ ಸರಿ, ಈ ಪರೀಕ್ಷೆ ನೀವೇ ಮಾಡಿ. ಎಂಟು ವಾರದಲ್ಲಿ ಇದೊಂದು ಅಭ್ಯಾಸ ಆದರೂ ಕೋರ್ಸ್‌ಗೆ ಕಟ್ಟಿದ ದುಡ್ಡು ದಂಡ ಅಲ್ಲ.

ಕೊನೆಗೆ ನಿಮಗೊಂದು ಹೋಂವರ್ಕ್. ದಿನಾ ಶಿವಮೊಗ್ಗದ ಎಲ್ಲ ಗಾಡಿಗಳೂ ಭದ್ರಾವತಿಗೆ, ಭದ್ರಾವತಿಯ ಎಲ್ಲ ಗಾಡಿಗಳೂ ಶಿವಮೊಗ್ಗಕ್ಕೆ ಹೋಗ್ತವೆ ಅಂದುಕೊಳ್ಳಿ. ದಿನದ ಲೆಕ್ಕದಲ್ಲಿ ಒಂದು ಐಗನ್ ವ್ಯಾಲ್ಯೂ −1 ಬರುತ್ತೆ, ನೂರೂ ಗಾಡಿ ಆ ಕಡೆ ಈ ಕಡೆ ಹಾರ್ತಾನೇ ಇರ್ತವೆ, ಎಂದೂ ನೆಲೆ ನಿಲ್ಲಲ್ಲ. ಅದೇ ಮ್ಯಾಟ್ರಿಕ್ಸ್‌ನಿಂದ ಐಡೆಂಟಿಟಿ ಕಳೆದು ಡಿಫರೆನ್ಷಿಯಲ್ ಈಕ್ವೇಶನ್ ಮಾಡಿದರೆ ಮಾತ್ರ 50–50ಕ್ಕೆ ಬಂದು ಶಾಂತವಾಗಿ ನಿಲ್ಲುತ್ತೆ. ಯಾಕೆ? ಉತ್ತರ ಅರ್ಧ ಪುಟ ದಾಟಲ್ಲ. ಗ್ರೂಪಿಗೆ ಹಾಕೋ ಮೊದಲು ಒಂದು ಸಲ ಒಬ್ಬರೇ ಕೂತು ನೋಡಿ.